ಕೆನೆ ಕಟ್ಟದ ರಕ್ತ

ಲ್ಯಾಬ್ ಕೆಲಸಕ್ಕೆ ಹೊಸದಾಗಿ ಸೇರಿದವರು ಯಾರಾದರೂ ನನ್ನನ್ನು ಕಾಣಲು ಬಂದರೆ, "ಈಗ ಮೂಗು ಮುಚ್ಚಿಕೊಳ್ಳದೆ ಕೆಲಸ ಮಾಡಬಹುದಂತಲ್ಲ, ಪುಣ್ಯವಂತರು ನೀವು" ಎಂದು ಮೊದಲು ಚೇಷ್ಟೆ ಮಾಡುತ್ತೇನೆ. ಎಂಬತ್ತರ ದಶಕದಲ್ಲಿ ನಾನು ಚಿಕ್ಕೋಡಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯ ಲ್ಯಾಬಿಗೆ ಸೇರಿದಾಗ, ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ತಿಳಿಯಲು ಮೂತ್ರ ಕುದಿಸಬೇಕಿತ್ತು. ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು ಬಂದರೆ ಸ್ವಲ್ಪ, ಹಳದಿ ಬಂದರೆ ಇನ್ನಷ್ಟು, ಇಟ್ಟಿಗೆಯ ಕೆಂಪು ಬಂದರೆ ಡಾಕ್ಟರನ್ನು ಕರೆಯುವ ಹೊತ್ತು. ಸೇರಿದ ಮೊದಲ ವಾರದಲ್ಲೇ ನಾನು ನಳಿಗೆಯ ಬಾಯನ್ನು ಮೇಲಕ್ಕೆ ಮಾಡಿ ಕುದಿಸಿದಾಗ ಅದು ಚಿಮ್ಮಿ ಛಾವಣಿಗೆ ಬಡಿಯಿತು. ಆ ನೀಲಿ ಕಲೆ ನಾನು ನಿವೃತ್ತನಾಗುವವರೆಗೂ ನನ್ನ ತಲೆಯ ಮೇಲೆಯೇ ಇತ್ತು.

ರೋಗಿಗಳು ಬಣ್ಣ ನೋಡದೆ ಮನೆಗೆ ಹೋಗುತ್ತಿರಲಿಲ್ಲ. ಚಿಂಚಲಿಯಿಂದ ಬರುತ್ತಿದ್ದ ಸಿದ್ದಪ್ಪಜ್ಜ ಎಂಬ ಮುದುಕ ಕಿಟಕಿಯ ಹತ್ತಿರವೇ ನಿಂತಿರುತ್ತಿದ್ದ. ಒಂದು ದಿನ ಹಸಿರು ಬಂದದ್ದನ್ನು ನೋಡಿ, "ಹಸರ ಬಂತಂದ್ರ ಚಲೋ ಆತ ಬಿಡ್ರಿ ಮಾಸ್ತರ, ಬೆಳಿ ಚಂದ ಐತಿ" ಎಂದು ಖುಷಿಯಿಂದ ಹೊರಟೇಬಿಟ್ಟ. ಅವನನ್ನು ಬಸ್ ಸ್ಟ್ಯಾಂಡಿನವರೆಗೂ ಹಿಂಬಾಲಿಸಿ ವಾಪಸ್ ಕರೆತಂದೆ. ಸುತ್ತಲಿನ ಹಳ್ಳಿಯವರಿಗೆಲ್ಲ ನಾನು ರಗತ ತೆಗೆಯುವ ಮಾಸ್ತರ. ನಿಜ ಹೇಳಬೇಕೆಂದರೆ ಆ ಹೆಸರು ನನಗೆ ಇಷ್ಟವಾಗಿತ್ತು. ಸ್ವಲ್ಪ ತಲೆಗೂ ಏರಿತ್ತು. ಮುಂದೆ ಹೇಳುವ ತಪ್ಪು ನಡೆದದ್ದು ಅದರಿಂದಲೇ.

ನಮ್ಮಲ್ಲಿ ಇಬ್ಬರು ಡಾಕ್ಟರರಿದ್ದರು. ಆಸ್ಪತ್ರೆ ಕಟ್ಟಿದವರು ದೊಡ್ಡ ಡಾಕ್ಟರು. ಅವರ ತಂಗಿಯ ಮಗ, ಎಂ.ಡಿ. ಮುಗಿಸಿ ತೊಂಬತ್ತರ ಆಸುಪಾಸಿನಲ್ಲಿ ಬಂದವರು ಸಣ್ಣ ಡಾಕ್ಟರು. ಮಾವ ಅಳಿಯ ಇಬ್ಬರೂ ಒಳ್ಳೆಯವರು, ಇಬ್ಬರೂ ಬುದ್ಧಿವಂತರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಮಾತ್ರ ಜಗಳ ಶುರು. ದೊಡ್ಡವರ ಡಬ್ಬಿಯಲ್ಲಿ ಒಂದೇ ರೊಟ್ಟಿ, ರಾಶಿ ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೇಲೆ ಎದ್ದು ಕಾಣುವಷ್ಟು ತುಪ್ಪ. ಸಣ್ಣವರ ಡಬ್ಬಿಯಲ್ಲಿ ಒಣ ಚಪಾತಿ, ಬೇಯಿಸಿದ ತರಕಾರಿ, ತುಂಬ ಅನ್ನ, ಎರಡು ಬಾಳೆಹಣ್ಣು.

"ಮಾಮಾ, ಈ ತುಪ್ಪ ಸೀದಾ ಹಾರ್ಟಿಗೆ ಹೋಗಿ ಕುಂದರತೈತಿ. ಜಗತ್ತೆಲ್ಲಾ ಈಗ ಅದನ್ನ ಹೇಳಾಕತ್ತೈತಿ" ಎನ್ನುವರು ಸಣ್ಣವರು.

"ನಮ್ಮಪ್ಪ ತುಪ್ಪ ಉಂಡು ಎಂಬತ್ತು ವರ್ಷ ಇದ್ದ. ಮಂದೀನ ಕೆಡಿಸಿದ್ದ ಬೆಲ್ಲ, ಸಕ್ರಿ, ಅನ್ನ. ನಿನ್ನ ಬಾಳೆಹಣ್ಣ ಮೊದ್ಲ ಆಕಡೆ ಇಡು" ಎನ್ನುವರು ದೊಡ್ಡವರು.

ನಡುವೆ ಕುಳಿತು ನಾನು ಮಿರ್ಚಿ ಭಜಿ ತಿನ್ನುತ್ತಿದ್ದೆ. ಅದರಲ್ಲಿ ಹಿಟ್ಟೂ ಇತ್ತು, ಎಣ್ಣೆಯೂ ಇತ್ತು. ಹಾಗಾಗಿ ನನ್ನನ್ನು ಬಯ್ಯುವ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು.

ಯಾರು ಸರಿ ಎಂದು ತಿಳಿಯುವ ಕುತೂಹಲ ನನಗೆ ಬಹಳ. ಆ ಕುತೂಹಲಕ್ಕೆ ಹೇಳಿ ಮಾಡಿಸಿದ ಹಾಗೆ ಬಂದವರು ಅಂಕಲಿಯ ಭೂಪಾಲಣ್ಣ ಮತ್ತು ಅವರ ಹೆಂಡತಿ ಚಂಪಾಬಾಯಿ. ನದಿಯ ದಂಡೆಯಲ್ಲಿ ಕಬ್ಬಿನ ಹೊಲ, ಬೆಲ್ಲ ಮಾಡುವ ಸ್ವಂತ ಗಾಣ ಇದ್ದ ಜೈನ ಮನೆತನ. ಊರೆಲ್ಲ ಆಕೆಯನ್ನು ಚಂಪಾಕಾಕು ಎನ್ನುತ್ತಿದ್ದರಿಂದ ನಾನೂ ಕಾಕು ಎನ್ನುತ್ತಿದ್ದೆ. ಭೂಪಾಲಣ್ಣನಿಗೆ ಸಕ್ಕರೆ ಕಾಯಿಲೆ. ದೊಡ್ಡ ಡಾಕ್ಟರು ಅವರಿಗೆ ಸಿಹಿ ಪೂರ್ತಿ ಬಂದ್, ಅನ್ನ ಅರ್ಧ ಬಂದ್, ತುಪ್ಪ ಮೊಸರು ಧಾರಾಳವಾಗಿ ತಿನ್ನು ಎಂದರು. ಕಾಕುವಿಗೆ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತು, ಅವರ ಅಣ್ಣ ಹೃದಯದ ಬೇನೆಯಿಂದಲೇ ತೀರಿಕೊಂಡಿದ್ದ. ಕಾಕು ತೋರಿಸಲು ಬಂದ ದಿನ ದೊಡ್ಡವರು ಊರಲ್ಲಿರಲಿಲ್ಲ, ಹೀಗಾಗಿ ಸಣ್ಣವರ ಕೈಗೆ ಸಿಕ್ಕರು. ತುಪ್ಪ ಬಂದ್, ಎಣ್ಣೆ ಬಂದ್. ಒಂದೇ ಅಡುಗೆಮನೆಗೆ ಎರಡು ಹುಕುಂ ಬಂದ ಹಾಗಾಯಿತು.

ಆ ವರ್ಷ ಅಂಕಲಿಯ ಬಸದಿಯಲ್ಲಿ ಒಬ್ಬ ಮುನಿಗಳ ಚಾತುರ್ಮಾಸ ನಡೆದಿತ್ತು. ಮಳೆಗಾಲದ ನಾಲ್ಕು ತಿಂಗಳು ಮುನಿಗಳು ಒಂದೇ ಊರಲ್ಲಿ ನಿಲ್ಲುತ್ತಾರೆ, ಆಗ ಜನ ಅವರ ಮುಂದೆ ಒಂದೊಂದು ರುಚಿಯನ್ನು ಬಿಡುವ ನಿಯಮ ತೆಗೆದುಕೊಳ್ಳುತ್ತಾರೆ. ಡಾಕ್ಟರ ಮಾತನ್ನು ಮೀರಬಹುದು, ಅಲ್ಲಿ ಕೊಟ್ಟ ಮಾತನ್ನು ಮೀರಲಾಗದು ಎಂದು ಭೂಪಾಲಣ್ಣನೇ ಒಂದು ಉಪಾಯ ಮಾಡಿದರು. ಗಂಡ ಸಿಹಿ ಬಿಟ್ಟರು, ಹೆಂಡತಿ ತುಪ್ಪ ಎಣ್ಣೆ ಬಿಟ್ಟರು, ಚಾತುರ್ಮಾಸ ಮುಗಿಯುವ ತನಕ. ಸಣ್ಣ ಡಾಕ್ಟರು ಹಿರಿಹಿರಿ ಹಿಗ್ಗಿದರು. ನನಗೋ ಹಬ್ಬ. ಒಂದೇ ಮನೆ, ಒಂದೇ ಬಾವಿಯ ನೀರು, ಎರಡು ಪಥ್ಯ. ನೋಟ್‌ಬುಕ್ಕಿನಲ್ಲಿ ಇಬ್ಬರಿಗೂ ಎದುರುಬದುರು ಹಾಳೆ ಮಾಡಿ, ಪ್ರತಿ ತಿಂಗಳೂ ಬರಲು ಹೇಳಿ, ಬಂದ ಅಂಕಿಗಳನ್ನು ಬರೆದುಕೊಳ್ಳುತ್ತ ಹೋದೆ. ಅಂಕಿ ಬಿಟ್ಟು ಬೇರೇನನ್ನೂ ಬರೆದುಕೊಳ್ಳಲಿಲ್ಲ.

ಮೂರನೆಯ ತಿಂಗಳು ಕಾಕು ತಮ್ಮ ನಾದಿನಿ ಶಾಂತಕ್ಕನ ಜೊತೆ ಬಂದರು. ಬೆಳಗ್ಗೆ ಒಂಬತ್ತರ ಸುಮಾರು, ಹೊರಗಿನ ಬೆಂಚು ತುಂಬಿತ್ತು. ರಕ್ತ ತೆಗೆದು, ಹೆಪ್ಪುಗಟ್ಟಲು ಬಿಟ್ಟು, ಕೈಯಿಂದ ತಿರುಗಿಸುವ ಯಂತ್ರದಲ್ಲಿ ತಿರುಗಿಸಿದೆ. ಹಾಗೆ ಮಾಡಿದರೆ ಕೆಂಪೆಲ್ಲ ತಳಕ್ಕೆ ಇಳಿದು ಮೇಲೆ ಹೊಂಬಣ್ಣದ ತಿಳಿ ನಿಲ್ಲುತ್ತದೆ, ಅದನ್ನೇ ಸೀರಮ್ ಎನ್ನುವುದು. ಕಾಕುವಿನ ನಳಿಗೆಯಲ್ಲಿ ನಿಂತದ್ದು ತಿಳಿಯಲ್ಲ, ಹಾಲು. ಗಾಜು ತೊಳೆದದ್ದು ಸರಿಯಾಗಿಲ್ಲವೇನೋ ಎಂದು ಇನ್ನೊಂದು ನಳಿಗೆಯಲ್ಲಿ ಮಾಡಿದೆ. ಮತ್ತೂ ಹಾಲು. ರಕ್ತದಲ್ಲಿನ ಕೊಬ್ಬನ್ನು, ಅಂದರೆ ಟ್ರೈಗ್ಲಿಸರೈಡನ್ನು, ಅಳೆಯುವ ಕಿಟ್ ನಮಗೆ ಆ ವರ್ಷವೇ ಬಂದಿತ್ತು. ಅಳೆದೆ. ಚಾತುರ್ಮಾಸ ಶುರುವಾದಾಗ ಇದ್ದದ್ದಕ್ಕಿಂತ ಎರಡು ಪಟ್ಟಿಗೂ ಮೇಲಿತ್ತು.

ಆಗ ನಾನು ಮಾಡಬೇಕಾದದ್ದು ಒಂದೇ, ಅಂಕಿ ಬರೆದು ಡಾಕ್ಟರಿಗೆ ಕೊಡುವುದು. ನಾನು ಮಾಡಿದ್ದು ಬೇರೆ. ನಳಿಗೆಯನ್ನು ಎತ್ತಿ ಹಿಡಿದುಕೊಂಡು ಬೆಂಚಿನ ಮುಂದೆ ಬಂದೆ.

"ಕಾಕು, ಏನ್ರಿ ಇದು? ರಗತದಾಗ ಬೆಣ್ಣಿ ತುಂಬೈತಲ್ಲ! ಯಾರ ಮನೀ ತುಪ್ಪರಿ ಇದು?"

ಬೆಂಚಿನ ಮೇಲಿದ್ದವರು ನಕ್ಕರು. ಕಾಕು ನಗಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ನಾ ತುಪ್ಪ ಮುಟ್ಟಿಲ್ಲರಿ ಮಾಸ್ತರ. ನಿಯಮ ಐತಿ ನಂದು" ಎಂದರು.

"ಮಷೀನ ಸುಳ್ಳ ಹೇಳೂದಿಲ್ರಿ ಕಾಕು" ಎಂದೆ ನಾನು.

ನನ್ನ ಇಡೀ ನೌಕರಿಯಲ್ಲಿ ವಾಪಸ್ ತೆಗೆದುಕೊಳ್ಳಬೇಕೆನಿಸುವ ಮಾತು ಇದೊಂದೇ. ಮಷೀನ್ ಅಂದದ್ದಾದರೂ ಯಾವುದಕ್ಕೆ? ಕೈಯಲ್ಲಿ ತಿರುಗಿಸುವ ಹಿಡಿಕೆಗೆ. ಒಳಗೆ ಸಣ್ಣ ಡಾಕ್ಟರು ವರದಿ ನೋಡಿ, "ತಿಂದಾರ, ಮತ್ತೇನೂ ಅಲ್ಲ" ಎಂದರು. ಶಾಂತಕ್ಕ ಎರಡನ್ನೂ ಕೇಳಿಸಿಕೊಂಡು ಅಂಕಲಿಯ ಬಸ್ಸು ಹತ್ತಿದಳು.

ಹತ್ತು ದಿನದ ನಂತರ ಭೂಪಾಲಣ್ಣ ಒಬ್ಬರೇ ಬಂದರು. ಜಗಳಕ್ಕೆ ಬಂದಿದ್ದರೆ ವಾಸಿಯಿತ್ತು. ತೋಳು ಮುಂದೆ ಚಾಚಿ ರಕ್ತ ಕೊಟ್ಟು, ಹತ್ತಿ ಒತ್ತಿ ಹಿಡಿದುಕೊಂಡು, ನೆಲ ನೋಡುತ್ತ ಹೇಳಿದರು. ಮುನಿಗಳಿಗೆ ಆಹಾರ ಸಿದ್ಧಮಾಡುವ ಮಡಿಯ ಅಡುಗೆಮನೆಗೆ ಅಲ್ಲಿ ಚೌಕಾ ಎನ್ನುತ್ತಾರೆ. ಕಾಕು ಮದುವೆಯಾಗಿ ಬಂದಾಗಿನಿಂದ ಯಾವ ಮುನಿಗಳು ಬಂದರೂ ಅಲ್ಲಿ ಅಡುಗೆಗೆ ನಿಲ್ಲುತ್ತಿದ್ದವರು, ಕಳಶ ಹಿಡಿದು ಬಾಗಿಲಲ್ಲಿ ಮುನಿಗಳನ್ನು ಎದುರುಗೊಳ್ಳುತ್ತಿದ್ದವರು.

"ಈಗ ಆಕಿನ್ನ ಚೌಕಾದಾಗ ಬಿಡವಲ್ಲರು. ನಿಯಮ ಮುರದಾಳು, ಪ್ರಾಯಶ್ಚಿತ್ತ ತಗೊಳ್ಲಿ, ಆಮ್ಯಾಲ ಬರ್ಲಿ ಅಂತಾರ. ಈಕಿ ಒಲ್ಲೆ ಅಂತಾಳ. ಮಾಡದ ತಪ್ಪಿಗೆ ಪ್ರಾಯಶ್ಚಿತ್ತ ತಗೊಂಡ್ರ ಅದ ಒಂದ ಸುಳ್ಳ ಆಗ್ತೈತಿ ಅಂತಾಳ."

"ನೀವೇನಂತೀರಿ ಅಣ್ಣಾರ?"

"ನಾ ಏನ್ ಅನ್ಲಿ? ನೀವ ಎಲ್ಲಾರ ಮುಂದ ಎತ್ತಿ ತೋರಿಸೀರಂತಲ್ಲ." ಹತ್ತಿ ಬಿಸಾಡಿ ಎದ್ದು, "ಚಾತುರ್ಮಾಸ ಮುಗಿಯಾಕ ಇನ್ನ ಮೂರ ವಾರ ಐತಿ. ಆಕಿ ಮನ್ಯಾಗ ಯಾರ ಕೂಡಾನೂ ಮಾತಾಡವಲ್ಲಳು" ಎಂದರು.

ಗಂಡನೂ ಸಂಶಯಪಡುತ್ತಿದ್ದಾನೆ ಎಂಬುದು ಆ ದನಿಯಲ್ಲಿತ್ತು. ಅವರು ಹೋದ ಮೇಲೆ ಆ ಎದುರುಬದುರು ಹಾಳೆಗಳನ್ನು ತೆರೆದು ಕುಳಿತೆ. ಆಗ ಹೊಳೆದದ್ದು ನಾಚಿಕೆಗೇಡಿನಷ್ಟು ಸರಳ ಸಂಗತಿ. ಜೈನರ ವಾಡಿಕೆಯಂತೆ ಕಾಕು ಹೊತ್ತು ಮುಳುಗಿದ ಮೇಲೆ ಏನನ್ನೂ ತಿನ್ನುವವರಲ್ಲ. ಬೆಳಗ್ಗೆ ಒಂಬತ್ತಕ್ಕೆ ಖಾಲಿ ಹೊಟ್ಟೆಯಲ್ಲಿ ನನ್ನ ಮುಂದೆ ಕುಳಿತಾಗ ಅವರು ಉಂಡು ಹದಿನೈದು ತಾಸಾಗಿತ್ತು. ಹಿಂದಿನ ದಿನ ತುಪ್ಪದಲ್ಲಿ ಮುಳುಗೇಳುವಷ್ಟು ಉಂಡಿದ್ದರೂ ಅಷ್ಟು ಹೊತ್ತಿಗೆ ಆ ಕೊಬ್ಬು ರಕ್ತದಿಂದ ಹೋಗಿರಬೇಕು. ಹಾಗಾದರೆ ಈ ಹಾಲು ಎಲ್ಲಿಯದು?

ಮಿರಜಿನಲ್ಲಿ ನಮಗೆ ಪಾಠ ಹೇಳಿದ ಮಾಸ್ತರರೊಬ್ಬರು ಹೇಳಿದ್ದು ನೆನಪಾಯಿತು. ಬಿಳಿಯಾದ ಸೀರಮ್ಮನ್ನು ಒಂದು ರಾತ್ರಿ ಫ್ರಿಜ್ಜಿನಲ್ಲಿ ಅಲುಗಿಸದೆ ಇಟ್ಟರೆ, ತಿಂದ ಎಣ್ಣೆ ತುಪ್ಪದ ಕೊಬ್ಬು ಹಾಲಿನ ಕೆನೆಯಂತೆ ಮೇಲೆ ಕಟ್ಟುತ್ತದೆ, ಕೆಳಗೆ ತಿಳಿ ಉಳಿಯುತ್ತದೆ. ಲಿವರ್ ತಾನೇ ಮಾಡಿದ ಕೊಬ್ಬು ಮೇಲೆ ಬರುವುದಿಲ್ಲ, ಇದ್ದಲ್ಲೇ ಇರುತ್ತದೆ. ಪರೀಕ್ಷೆಗೆಂದು ಕಂಠಪಾಠ ಮಾಡಿ ಮರೆತಿದ್ದ ಮಾತು. ಓಡಿಹೋಗಿ ಫ್ರಿಜ್ ತೆಗೆದೆ. ವಿಚಿತ್ರವಾಗಿದೆ ಎಂದು ಕಾಕುವಿನ ಸೀರಮ್ಮನ್ನು ಚೆಲ್ಲದೆ ಮೂಲೆಯಲ್ಲಿ ಇಟ್ಟಿದ್ದೆ. ಹತ್ತು ದಿನ ಕಳೆದಿದ್ದರೂ ಕೆನೆಯ ಎಳೆ ಕೂಡ ಇರಲಿಲ್ಲ. ಮೇಲಿನಿಂದ ಕೆಳಗಿನ ತನಕ ಒಂದೇ ಬಿಳುಪು.

ಅಷ್ಟಕ್ಕೇ ನಂಬಿ ಓಡುವ ಧೈರ್ಯ ಈ ಸಲ ಇರಲಿಲ್ಲ. ಹೋಟೆಲಿಗೆ ಹೋಗಿ ತುಪ್ಪದ ಶಿರಾ ಎರಡು ಪ್ಲೇಟು, ಭಜಿ ಒಂದು ಪ್ಲೇಟು ತಿಂದು, ಮೂರು ತಾಸು ಬಿಟ್ಟು ನಮ್ಮ ನರ್ಸಿನ ಮುಂದೆ ನನ್ನ ತೋಳು ಚಾಚಿದೆ. "ಮಾಸ್ತರಗ ಹುಚ್ಚ ಹಿಡದೈತಿ" ಎನ್ನುತ್ತಲೇ ಅವಳು ಚುಚ್ಚಿದಳು. ನನ್ನ ಸೀರಮ್ಮೂ ಮಬ್ಬು ಬಿಳಿಯಾಗಿತ್ತು. ಅದನ್ನು ಕಾಕುವಿನ ನಳಿಗೆಯ ಪಕ್ಕದಲ್ಲಿ ಇಟ್ಟೆ. ಮರುದಿನ ಬೆಳಗ್ಗೆ ಚಪ್ಪಲಿ ಕೂಡ ಬಿಚ್ಚದೆ ಫ್ರಿಜ್ ತೆಗೆದರೆ, ನನ್ನ ಶಿರಾ ಮತ್ತು ಭಜಿ ಬೆರಳ ಉಗುರಿನಷ್ಟು ದಪ್ಪದ ಕೆನೆಯಾಗಿ ಮೇಲೆ ಕುಳಿತಿತ್ತು. ಕೆಳಗೆ ಚೊಕ್ಕ ತಿಳಿ.

ಎರಡನ್ನೂ ಡಾಕ್ಟರರ ಮುಂದೆ ಇಟ್ಟೆ. ದೊಡ್ಡವರು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸಣ್ಣವರು ಎದ್ದು ಹೋಗಿ ಪುಸ್ತಕ ತೆಗೆದು ಓದಿ ಬಂದರು. ಆ ಹುಡುಗನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆವತ್ತು. "ನಾ ಹೇಳಿದ್ದ ತಪ್ಪಾತು. ಇದು ತಿಂದ ತುಪ್ಪ ಅಲ್ಲ. ಕೆಲವರಿಗೆ ಸಿಹಿ, ಹಿಟ್ಟು ಭಾಳ ಆದ್ರ ಲಿವರ್ ಅದನ್ನ ಕೊಬ್ಬ ಮಾಡತೈತಿ" ಎಂದರು.

"ಆತು. ಆಕಿ ಏನ್ ತಿಂತಾಳ?" ಎಂದು ಕೇಳಿದರು ದೊಡ್ಡವರು.

ಏನು ತಿನ್ನಬಾರದು ಎಂದು ಹೇಳಿದ್ದೆವು. ಏನು ತಿನ್ನುತ್ತೀರಿ ಎಂದು ಮೂರು ತಿಂಗಳಲ್ಲಿ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಅಂದೇ ಮಧ್ಯಾಹ್ನ ಎರಡು ನಳಿಗೆಗಳನ್ನು ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿ ಅಲುಗದಂತೆ ಇಟ್ಟುಕೊಂಡು ಅಂಕಲಿಗೆ ಹೋದೆ. ಕಾಕು ನೀರು ಕೊಟ್ಟು ಬಾಗಿಲ ಹತ್ತಿರ ನಿಂತರು. ಭೂಪಾಲಣ್ಣ ಪಡಸಾಲೆಯಲ್ಲಿ ಕುಳಿತಿದ್ದರು. ನೋಟ್‌ಬುಕ್ ಬಿಚ್ಚಿ, "ಕಾಕು, ಮುಂಜಾನಿಂದ ಹೊತ್ತ ಮುಳುಗೂ ತನಾ ಏನೇನ್ ತಿಂತೀರಿ, ಒಂದೂ ಬಿಡದಂಗ ಹೇಳ್ರಿ" ಎಂದೆ.

ಅವರು ನನ್ನನ್ನೊಮ್ಮೆ ದಿಟ್ಟಿಸಿ ನೋಡಿ ಶುರು ಮಾಡಿದರು. "ತುಪ್ಪ ಇಲ್ಲಂದ್ರ ರೊಟ್ಟಿ ಗಂಟಲದಾಗ ಇಳೀಬೇಕಲ್ರಿ? ಅದಕ ನಮ್ಮ ಗಾಣದ ಕಾಕವಿ, ಆ ತೆಳ್ಳನ ಬೆಲ್ಲ, ಹಚ್ಕೊಂಡ ತಿಂತೀನಿ. ಶೇಂಗಾದಾಗ ಎಣ್ಣಿ ಇರತೈತೆಂತ ಅದನ್ನೂ ಬಿಟ್ಟೀನಿ. ಹಸಿವಾದ್ರ ಚುರಮುರಿ, ಬೆಲ್ಲ. ತೆಲಸಂಗದಾಗ ನನ್ನ ತವರಮನಿ, ಅಲ್ಲಿಂದ ಒಣದ್ರಾಕ್ಷಿ ಕಳಸ್ತಾರ, ದಿನಾ ಒಂದ ಬೊಗಸಿ. ಚಾ ನಾಕ ಸಲ. ಮತ್ತ ಇವರ ಪಾಲಿನ ಬೆಲ್ಲ."

"ಅವರ ಪಾಲಿನ ಬೆಲ್ಲಾ?"

"ಗಾಣದಾಗಿಂದ ವರ್ಷಕ್ಕಂತ ಮನೀಗೆ ಇಟ್ಟಿದ್ದ ಬೆಲ್ಲರಿ. ಇವರು ಸಿಹಿ ಬಿಟ್ರು. ಮಳಿಗಾಲದಾಗ ಬೆಲ್ಲ ಹಂಗ ಬಿಟ್ರ ಜಿನುಗತೈತಿ, ಇರಬಿ ಹತ್ತತಾವ, ಅದರಾಗ ಸಿಕ್ಕ ಸಾಯ್ತಾವ. ಚಾತುರ್ಮಾಸದಾಗ ಆ ಪಾಪ ಯಾಕಂತ ನಾನ ತಿಂದ ತೀರಸಾಕತ್ತೀನಿ."

ಇರುವೆಗಳು ಸಾಯಬಾರದೆಂದು ಈ ಹೆಂಗಸು ಇಬ್ಬರ ಬೆಲ್ಲ ತಿಂದು ರಕ್ತ ಬೆಳ್ಳಗೆ ಮಾಡಿಕೊಂಡಿದ್ದರು, ನಾನು ಅವರನ್ನು ಕಳ್ಳಿ ಮಾಡಿದ್ದೆ. "ಮತ್ತ ನಿಮ್ಮ ಪಾಲಿನ ತುಪ್ಪ?" ಎಂದು ಕೇಳಿದೆ. ಭೂಪಾಲಣ್ಣ ಕೆಮ್ಮಿ, "ದೊಡ್ಡ ಡಾಕ್ಟರ ತಿನ್ನ ಅಂದಾರಲ್ರಿ" ಎಂದು ಗೋಡೆಯ ಕಡೆ ನೋಡಿದರು.

ಬಸದಿಗೆ ಹೋಗಿ ಹಿರಿಯರ ಮುಂದೆ ಎರಡು ನಳಿಗೆಗಳನ್ನೂ ತೋರಿಸಬೇಕೆಂದು ನನ್ನ ಲೆಕ್ಕಾಚಾರ. ಕೆನೆ ಕಟ್ಟಿದ್ದು, ಕಟ್ಟದ್ದು ಎರಡನ್ನೂ ಕಣ್ಣಾರೆ ಕಂಡರೆ ಯಾರಿಗಾದರೂ ತಿಳಿಯುತ್ತದೆ. ಗಂಡ ಹೆಂಡತಿ ಇಬ್ಬರೂ ಜೊತೆಗೆ ಬಂದರು. ಹೊರಬಾಗಿಲಲ್ಲಿ ಒಬ್ಬ ಹಿರಿಯರು ತಡೆದರು. "ಅದರಾಗ ಏನೈತ್ರಿ?" ರಕ್ತ ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, "ಮುನಿಗಳ ಇದ್ದಲ್ಲಿ ರಗತ ತರ್ತೀರೇನ್ರಿ? ಅದನ್ನ ಹೊರಗ ಇಟ್ಟ ನೀವ ಅಷ್ಟ ಬರ್ರಿ" ಎಂದರು. ಇಷ್ಟು ವರ್ಷ ಈ ಜನರ ನಡುವೆ ಇದ್ದೂ ನನಗೆ ಅದು ಹೊಳೆದಿರಲಿಲ್ಲ. ಥರ್ಮಾಸನ್ನು ಹೊರಗಿನ ಕಟ್ಟೆಯ ಮೇಲೆ ಇಟ್ಟೆ. ಕಾಕು ಒಳಗೆ ಬರಲಿಲ್ಲ, ಅಲ್ಲೇ ನಿಂತರು.

ಬರಿಗೈಯಲ್ಲಿ ಅಂಗಳದಲ್ಲಿ ನಿಂತು ಹೇಳಿದೆ. ಶಾಂತಕ್ಕನೂ ಅಲ್ಲಿದ್ದಳು. ಲಿವರ್ ಎಂದೆ, ಕೊಬ್ಬು ಎಂದೆ, ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ಆ ಹಿರಿಯರು ಕೇಳಿದರು: "ಆವಾಗ ತುಪ್ಪ ತಿಂದಾರ ಅಂದವರೂ ನೀವ, ಈಗ ತಿಂದಿಲ್ಲ ಅನ್ನೋರೂ ನೀವ. ನಾವ್ ಯಾವ್ದ ನಂಬೂದ್ರಿ?"

ಪಾಠವೆಲ್ಲ ಮರೆತು ಬಾಯಿಗೆ ಬಂದದ್ದನ್ನು ಹೇಳಿದೆ. "ಆವಾಗ ನಾ ನಳಿಗಿ ಅಷ್ಟ ನೋಡಿ ಹೇಳಿದ್ನಿರಿ. ಕಾಕುನ್ನ ಕೇಳಿರಲಿಲ್ಲ. ಇವತ್ತ ಕೇಳಿ ಬಂದೀನಿ. ಆಕಿ ನಿಯಮ ಮುರದಿಲ್ಲ. ಪ್ರಾಯಶ್ಚಿತ್ತ ತಗೊಳೋರ ಯಾರಾರ ಇದ್ರ ಅದು ನಾನು."

ಹಿರಿಯರು ಶಾಂತಕ್ಕನ ಕಡೆ ತಿರುಗಿ, "ನಾಳೆ ಮುಂಜಾನಿ ಚಂಪಾಬಾಯಿಗೆ ಚೌಕಾಕ್ಕ ಬಾ ಅಂತ ನೀನ ಹೋಗಿ ಕರಿ" ಎಂದರು.

ಗೆದ್ದವನ ಹಾಗೆ ಹೊರಗೆ ಬಂದೆ. ಕಾಕು ಥರ್ಮಾಸಿನ ಪಕ್ಕದಲ್ಲಿ ನಿಂತಿದ್ದರು. ಒಳಗಿನ ಮಾತೆಲ್ಲ ಕೇಳಿಸಿರಬೇಕು.

"ಇದರಾಗ ನನ್ನ ರಗತ ಐತೇನ್ರಿ?" ಎಂದರು.

"ಹೌದ್ರಿ ಕಾಕು."

"ಇದು ಮಾತಾಡಿದ್ದು ನಿಮಗ ಕೇಳ್ತು. ಆವತ್ತ ನಾ ಬಾಯಿ ಬಿಟ್ಟ ಹೇಳಿದ್ದ ಕೇಳಲಿಲ್ಲ. ನನ್ನ ರಗತಕ್ಕ ಇರೂ ಕಿಮ್ಮತ್ತ ನನ್ನ ಮಾತಿಗಿಲ್ಲೇನ್ರಿ ಮಾಸ್ತರ?"

ಬಸ್ಸಿನಲ್ಲಿ ಥರ್ಮಾಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಾಗ ಕಣ್ಣು ತುಂಬಿ ಬಂದವು.

ಇನ್ನು ಆ ಇಬ್ಬರು ಡಾಕ್ಟರರ ಜಗಳ ಏನಾಯಿತು ಎನ್ನುತ್ತೀರಾ? ಉಳಿದ ಬೆಲ್ಲ ದನಗಳ ಪಾಲಾಯಿತು, ಕಾಕುವಿನ ರಕ್ತ ಮುಂದಿನ ತಿಂಗಳುಗಳಲ್ಲಿ ತಿಳಿಯಾಯಿತು. ದೊಡ್ಡ ಡಾಕ್ಟರು ಡಬ್ಬಿ ಬಿಚ್ಚುವಾಗ ಮೀಸೆಯಡಿ ನಗುತ್ತಿದ್ದರು. ಅಷ್ಟರಲ್ಲಿ ಭೂಪಾಲಣ್ಣನ ವರದಿ ಬಂತು. ಸಕ್ಕರೆ ಚೆನ್ನಾಗಿ ಇಳಿದಿತ್ತು, ಆದರೆ ಇಬ್ಬರ ತುಪ್ಪ ಉಂಡು ಕೊಲೆಸ್ಟರಾಲ್ ಏರಿತ್ತು. ಆಗ ನಗುವ ಸರದಿ ಸಣ್ಣವರದು. ನಾನೂ ಸುಮ್ಮನಿರಲಿಲ್ಲ, ಹದಿನೈದು ದಿನ ತುಪ್ಪ ಎಣ್ಣೆ ಬಿಟ್ಟು ಕಾಕವಿಯಲ್ಲೇ ರೊಟ್ಟಿ ತಿಂದು ನನ್ನ ರಕ್ತ ನೋಡಿಕೊಂಡೆ. ಬೆಳ್ಳಗಾಗಲಿಲ್ಲ, ನನ್ನ ಪ್ಯಾಂಟು ಮಾತ್ರ ಬಿಗಿಯಾಯಿತು. ಒಬ್ಬರ ಮೈಯಲ್ಲಿ ಹಾಲಾಗುವ ಬೆಲ್ಲ ಇನ್ನೊಬ್ಬರ ಮೈಯಲ್ಲಿ ಯಾಕೆ ಆಗುವುದಿಲ್ಲ ಎಂಬುದು ನನಗೆ ಪೂರ್ತಿ ತಿಳಿಯಲೇ ಇಲ್ಲ. ಈಗ ಜನ ಮೊಬೈಲಿನಲ್ಲಿ ಅದೇ ಜಗಳ ಆಡುವುದನ್ನು ಕಂಡಾಗ ನನಗೆ ಆ ಎರಡು ಡಬ್ಬಿಗಳ ವಾಸನೆ ಬರುತ್ತದೆ.

ಇದೆಲ್ಲಕ್ಕೂ ಮೊದಲು, ಚಾತುರ್ಮಾಸ ಮುಗಿದಾಗ, ಕಾಕು ಮತ್ತೆ ಬರುತ್ತಾರೋ ಇಲ್ಲವೋ ಎಂಬ ಅಳುಕು ಇತ್ತು. ಒಂದು ಸಂತೆಯ ದಿನ ಬಂದರು, ಶಾಂತಕ್ಕನ ಜೊತೆಗೇ. ಅದೇ ಬೆಂಚು, ಅಷ್ಟೇ ಜನ. ನಾನು ಸಿರಿಂಜು ಹಿಡಿದು, "ತೋಳ ಮುಂದ ಮಾಡ್ರಿ ಕಾಕು" ಎಂದೆ. ಅವರು ತೋಳನ್ನು ಸೆರಗಿನೊಳಗೇ ಇಟ್ಟುಕೊಂಡರು.

"ಮೊದ್ಲ ನಾ ಹೇಳಿದ್ದ ಬರಕೋರಿ" ಎಂದರು. "ಆಮ್ಯಾಲ ರಗತ ತಗೀರಿ."

ನಾನು ಸಿರಿಂಜನ್ನು ತಟ್ಟೆಯಲ್ಲಿ ಇಟ್ಟು ಪೆನ್ನು ತೆಗೆದುಕೊಂಡೆ.